ಬೀಜದ ಚೀಟಿ ಕಾಯ್ದಿಡುವ ನಾವು ಆ್ಯಪ್‌ನ ಲೆಕ್ಕವನ್ನೂ ಕೇಳಬೇಕು

ಮುಂಡರಗಿ ಇರಲಿ, ಶಿರಹಟ್ಟಿ ಇರಲಿ, ಉತಾರ ತೆಗೆಸಲು ಹೋದವರಿಗೆ ಆಗಾಗ ಸಿಗುವ ಉತ್ತರ ಒಂದೇ: 'ಸರ್ವರ್ ಇಲ್ರೀ, ನಾಳೆ ಬರ್ರಿ.' ಒಂದು ದಿನದ ಪಗಾರ ಹೋಯಿತು, ಬಸ್ಸಿನ ಖರ್ಚು ಬೇರೆ. ಸರ್ವರ್ ನಿಲ್ಲಲು ಕರೆಂಟು, ನೆಟ್‌ವರ್ಕು, ಜನದಟ್ಟಣೆ ಹೀಗೆ ಕಾರಣ ಹಲವು. ಸಾಫ್ಟ್‌ವೇರ್ ಕಟ್ಟುವ ರೀತಿಯೂ ಒಂದು ಕಾರಣವಾಗಬಹುದು. ಅದರ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ.

ಯಾವ ಆ್ಯಪನ್ನೂ ಒಬ್ಬರೇ ಪೂರ್ತಿ ಬರೆಯುವುದಿಲ್ಲ. ದಿನಾಂಕ ತೋರಿಸಲು, ಪಿಡಿಎಫ್ ಮಾಡಲು, ಪಾಸ್‌ವರ್ಡ್ ಕಾಯಲು ಬೇರೆಯವರು ಬರೆದಿಟ್ಟ ತುಣುಕುಗಳನ್ನು ಇಂಟರ್ನೆಟ್‌ನಿಂದ ತಂದು ಜೋಡಿಸುತ್ತಾರೆ. ಇವಕ್ಕೆ ಲೈಬ್ರರಿ ಅನ್ನುತ್ತಾರೆ. ಒಂದು ಲೈಬ್ರರಿ ಇನ್ನೊಂದನ್ನು ಎಳೆದು ತರುತ್ತದೆ, ಅದು ಮತ್ತೊಂದನ್ನು.

2016ರ ಮಾರ್ಚ್ 22ರಂದು ಒಬ್ಬ ಪ್ರೋಗ್ರಾಮರ್ ಹೆಸರಿನ ಜಗಳಕ್ಕೆ ಬೇಸತ್ತು ತನ್ನ ಲೈಬ್ರರಿಗಳನ್ನೆಲ್ಲ ಹಿಂತೆಗೆದುಕೊಂಡ. ಅದರಲ್ಲಿ 'ಲೆಫ್ಟ್-ಪ್ಯಾಡ್' ಎಂಬುದು ಬರೀ 11 ಸಾಲಿನದು. ಅಷ್ಟಕ್ಕೇ ಜಗತ್ತಿನ ಎಷ್ಟೋ ಕಂಪನಿಗಳಲ್ಲಿ ಸಾಫ್ಟ್‌ವೇರ್ ಕಟ್ಟುವ ಕೆಲಸ ಕೆಲ ಗಂಟೆ ನಿಂತಿತು. 2021ರ ಡಿಸೆಂಬರ್‌ನಲ್ಲಿ 'ಲಾಗ್4ಜೆ' ಎಂಬ ಲೈಬ್ರರಿಯಲ್ಲಿನ ದೊಡ್ಡ ತೂತು ಬಯಲಾಯಿತು. ಆಗ ಎಷ್ಟೋ ಕಚೇರಿಗಳಿಗೆ ಅದು ತಮ್ಮಲ್ಲಿ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಿರಲಿಲ್ಲ.

ಇದಕ್ಕೆ ಉಪಾಯ ನಮ್ಮ ರೈತರಿಗೆ ಹೊಸದಲ್ಲ. ಹೆಸರು ಬಿತ್ತುವವರು ಚೀಲದ ಮೇಲಿನ ತಳಿ, ಲಾಟ್ ನಂಬರು, ಅವಧಿ ನೋಡುತ್ತಾರೆ. ಮೊಳಕೆ ಬರದಿದ್ದರೆ ಕೇಳಲು ಆಧಾರ ಇರಲಿ ಎಂದು ಚೀಟಿ, ಬಿಲ್ಲು ಕಾಯ್ದಿಡುತ್ತಾರೆ. ನಾಲ್ಕು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿಯೇ ಹೊಲಕ್ಕೆ ಒಯ್ಯುತ್ತಾರೆ.

ಸಾಫ್ಟ್‌ವೇರಿಗೂ ಇಷ್ಟೇ. ಯಾವ ಲೈಬ್ರರಿ, ಯಾವ ಆವೃತ್ತಿ ಎಂದು ಬರೆದಿಡಬೇಕು. ತಾನಾಗಿಯೇ ಹೊಸದು ಬಂದು ಕೂಡದಂತೆ ಆ ಆವೃತ್ತಿಗೆ ಬೀಗ ಹಾಕಬೇಕು. ಮೂಲದವರು ಅಳಿಸಿದರೂ ಕೆಲಸ ನಿಲ್ಲದಂತೆ ಒಂದು ಪ್ರತಿ ತಮ್ಮಲ್ಲೇ ಇಟ್ಟುಕೊಳ್ಳಬೇಕು. ಹಾಗಂತ ಹಳೆಯದನ್ನೇ ಹಿಡಿದು ಕೂತರೆ ಅವಧಿ ಮುಗಿದ ಬೀಜ ಬಿತ್ತಿದಂತೆ. ಹೊಸ ಆವೃತ್ತಿಯನ್ನು ಬೇರೆ ಕಡೆ ಪರೀಕ್ಷಿಸಿ, ಆಮೇಲೆ ಜನರ ಕೈಗೆ ಕೊಡಬೇಕು.

ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಇಂಥ ಪಟ್ಟಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ನನ್ನ ಒತ್ತಾಯ ಇಷ್ಟು: ಸರ್ಕಾರಿ ಆ್ಯಪ್‌ನ ಪ್ರತಿ ಟೆಂಡರ್‌ನಲ್ಲೂ ಈ ಪಟ್ಟಿ ಕಡ್ಡಾಯವಾಗಲಿ. ಅದು ಗುತ್ತಿಗೆದಾರನ ಕಂಪ್ಯೂಟರಿನಲ್ಲಿ ಉಳಿಯದೆ ಇಲಾಖೆಯ ಕೈಯಲ್ಲಿರಲಿ. ಗುತ್ತಿಗೆದಾರ ಬದಲಾದಾಗ ಹೊಸಬ ಕತ್ತಲಲ್ಲಿ ತಡಕಾಡಬಾರದು. ಆ್ಯಪ್ ಉದ್ಘಾಟನೆಯ ನಂತರದ ದುರಸ್ತಿಗೂ ದುಡ್ಡು ಇಡಲಿ.

'ಹಾಗಾದರೆ ಎಲ್ಲಾ ನಾವೇ ಬರೆದರಾಯಿತಲ್ಲ' ಅಂತ ಕೆಲವರು ಅನ್ನಬಹುದು. ಅದು ಆಗದ ಮಾತು, ಬೇಕಾಗಿಯೂ ಇಲ್ಲ. ಹಂಚಿಕೊಂಡು ಬದುಕುವುದು ನಮಗೆ ಗೊತ್ತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಸಂಘದಲ್ಲಿ ಎಲ್ಲರ ದುಡ್ಡು ಒಂದೇ ಪೆಟ್ಟಿಗೆಯಲ್ಲಿ ಇರುತ್ತದೆ, ಆದರೆ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ತಪ್ಪುವುದಿಲ್ಲ. ನಮ್ಮ ಹೊಲದ ದಾಖಲೆ ಕಾಯುವ ಸಾಫ್ಟ್‌ವೇರಿಗೂ ಅದೇ ನಿಯಮ ಇರಲಿ.