ಜಿನ್ನಿಂಗ್ ಮಿಲ್ಲಿನಲ್ಲಿ ಗಾಯಗೊಂಡ ಕೈಗಳು: ಯಾದಗಿರಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ



ಶಹಾಪುರದ ಹತ್ತಿ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲುಗಳು, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸಿ ಅರಳೆಯನ್ನು ಬೇಲುಗಳಾಗಿ ಒತ್ತುವ ಕಾರ್ಖಾನೆಗಳು, ಬಿಡುವಿಲ್ಲದೆ ನಡೆಯುತ್ತವೆ. ಜೋಡಿ ರೋಲರಿನ ಯಂತ್ರದಲ್ಲಿ ಚರ್ಮದ ರೋಲರುಗಳು ಎಳೆಯನ್ನು ಹಿಡಿದೆಳೆಯುತ್ತವೆ, ಅಲುಗುಗಳು ಬೀಜವನ್ನು ಉದುರಿಸುತ್ತವೆ. ಸಿಕ್ಕಿಕೊಂಡ ಹತ್ತಿಯನ್ನು ಯಂತ್ರ ನಿಲ್ಲಿಸದೆ ಬಿಡಿಸಲು ಹೋದ ಕೈಯನ್ನೂ ಅದೇ ರೋಲರು ಒಳಗೆಳೆದುಕೊಳ್ಳುತ್ತದೆ. ಮೂಳೆ ಜಜ್ಜಿ ಚರ್ಮ ಸುಲಿದುಹೋಗುವ ಇಂಥ ಗಾಯವು ಹೊಲಿಗೆ ಹಾಕಿ ಮನೆಗೆ ಕಳಿಸುವಂಥದ್ದಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೂ, ಬೆರಳುಗಳು ಮತ್ತೆ ಮಡಚುವಂತಾಗಲು ತಿಂಗಳುಗಟ್ಟಲೆ ಫಿಸಿಯೋಥೆರಪಿಯೂ ಬೇಕು.

ಈ ಚಿಕಿತ್ಸೆಯ ಖರ್ಚನ್ನು ಭರಿಸುವವರು ಯಾರೆಂಬುದೇ ಮೊದಲ ತೊಡಕು. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನ ದೊಡ್ಡ ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲೇ ಇವೆ. ಆದರೆ 1948ರ ಇಎಸ್‌ಐ ಕಾಯ್ದೆಯು ವರ್ಷದ ಕೆಲಕಾಲ ಮಾತ್ರ ನಡೆಯುವ ಕಾರ್ಖಾನೆಗಳನ್ನು ‘ಋತುಮಾನದ ಕಾರ್ಖಾನೆ’ ಎಂದು ಹೊರಗಿಟ್ಟಿತು, ಆ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗಿನ ಹೆಸರೂ ಇತ್ತು, ಮತ್ತು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಸುಗ್ಗಿ ಮುಗಿದರೂ ತುಂಡಾದ ಬೆರಳು ಮರಳಿ ಬರುವುದಿಲ್ಲವಾದ್ದರಿಂದ ಈ ವಿನಾಯಿತಿ ನ್ಯಾಯವಲ್ಲ.

ಉಳಿದಿರುವ ಆಸರೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ರೂಪುಗೊಂಡು ಹೊಸ ಸಂಹಿತೆಯಲ್ಲೂ ಮುಂದುವರಿದಿರುವ ಪರಿಹಾರದ ಹಕ್ಕು. ಅದರಂತೆ ಕೆಲಸದಲ್ಲಾದ ಗಾಯದ ಚಿಕಿತ್ಸೆಗೆ ತಗಲಿದ ನಿಜವಾದ ವೆಚ್ಚವನ್ನು ಮಾಲೀಕರೇ ಕೊಡಬೇಕು. ಕೂಲಿಕಾರರನ್ನು ಗುತ್ತಿಗೆದಾರ ಕರೆತಂದಿದ್ದರೂ ಮಿಲ್ಲಿನವರ ಹೊಣೆ ತಪ್ಪುವುದಿಲ್ಲ. ತಿಂಗಳು ಕಳೆದರೂ ಪರಿಹಾರ ಕೊಡದಿದ್ದರೆ ಶೇ. 12ರ ಬಡ್ಡಿಯೂ, ಸಕಾರಣವಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡವೂ ಸೇರುತ್ತವೆ. ಒಂದು ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 30ರಷ್ಟು ನಷ್ಟವಾಯಿತೆಂದು 1923ರ ಕಾಯ್ದೆಯ ಅನುಸೂಚಿ ಹೇಳುತ್ತದೆ. 15,000 ರೂಪಾಯಿ ತಿಂಗಳ ಕೂಲಿಯ 30 ವರ್ಷದ ಕಾರ್ಮಿಕರಿಗೆ ಆ ಲೆಕ್ಕದಲ್ಲಿ ಸುಮಾರು 5 ಲಕ್ಷ 61 ಸಾವಿರ ರೂಪಾಯಿ ಸಲ್ಲಬೇಕಾಗುತ್ತದೆ. ಕೈಗಷ್ಟು ದುಡ್ಡಿಟ್ಟು ಹಕ್ಕು ಬಿಟ್ಟುಕೊಟ್ಟಂತೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲವೆಂಬುದನ್ನು ಕಾರ್ಮಿಕರಿಗೆ ತಿಳಿಸಿ ಹೇಳುವವರು ಬೇಕು.

ಈ ಹಕ್ಕೆಲ್ಲ ನಿಲ್ಲುವುದು ಆಸ್ಪತ್ರೆಯ ಮೊದಲ ದಾಖಲೆಯ ಮೇಲೆ. ಕಾನೂನಿನ ತನಿಖೆಗೆ ಒಳಪಡಬಹುದಾದ ಗಾಯವನ್ನು ವೈದ್ಯರು ಪ್ರತ್ಯೇಕ ವಹಿಯಲ್ಲಿ ಬರೆದು ಪೊಲೀಸರಿಗೆ ತಿಳಿಸುವ ಕ್ರಮಕ್ಕೆ ಎಂಎಲ್‌ಸಿ ಎನ್ನುತ್ತಾರೆ. ಗಾಯ ಎಲ್ಲಿ, ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ ಆಯಿತೆಂಬುದು ಅಲ್ಲಿ ನಮೂದಾಗದೆ ‘ಮನೆಯಲ್ಲಿ ಬಿದ್ದದ್ದು’ ಎಂದಾದರೆ, ಮುಂದೆ ಪರಿಹಾರ ಆಯುಕ್ತರ ಮುಂದೆ ಕೈಯೇ ಸಾಕ್ಷಿಯಾಗಿ ಎದುರಿಗಿದ್ದರೂ ವಾದ ಸೊರಗುತ್ತದೆ. ನೋವಿನಲ್ಲಿರುವ ಕಾರ್ಮಿಕರ ಪರವಾಗಿ ಆ ಹೊತ್ತಿನಲ್ಲಿ ಮಾತಾಡುವವರು ಅವರನ್ನು ಕರೆತಂದ ಮೇಸ್ತ್ರಿಯೋ ಮಿಲ್ಲಿನ ಗುಮಾಸ್ತರೋ ಆಗಿರುವುದರಿಂದ, ಗಾಯಗೊಂಡವರನ್ನೇ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳುವುದು ವೈದ್ಯರ ಕರ್ತವ್ಯವಾಗಬೇಕು.

ಆದ್ದರಿಂದ ಈ ಸುಗ್ಗಿಗೆ ಮುಂಚೆಯೇ ತಾವು ಆದೇಶ ಹೊರಡಿಸಿ, ಶಹಾಪುರ ತಾಲ್ಲೂಕು ಆಸ್ಪತ್ರೆಯೂ ಖಾಸಗಿ ದವಾಖಾನೆಗಳೂ ಕೆಲಸದ ಸ್ಥಳದ ಪ್ರತಿಯೊಂದು ಗಾಯವನ್ನು ಎಂಎಲ್‌ಸಿ ಎಂದೇ ದಾಖಲಿಸಿ ಅದರ ಪ್ರತಿಯನ್ನು ಕುಟುಂಬಕ್ಕೂ ಕಾರ್ಮಿಕ ನಿರೀಕ್ಷಕರಿಗೂ ಕೊಡುವಂತೆ ಮಾಡಬೇಕು. ತುಂಡಾದ ಬೆರಳನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಹುದುಗಿಸದೆ, ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಗಿದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕೆಂಬ ಸೂಚನೆ ಪ್ರತಿ ಮಿಲ್ಲಿನ ಗೋಡೆಯ ಮೇಲೆ ಕನ್ನಡದಲ್ಲಿರಬೇಕು. ಹಾಗೆಯೇ ಶಸ್ತ್ರಚಿಕಿತ್ಸೆಯ ನಂತರದ ಫಿಸಿಯೋಥೆರಪಿ ಶಹಾಪುರದಲ್ಲೇ ಸಿಗಬೇಕು. ಪ್ರತಿ ಸಲವೂ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಕಲಬುರಗಿಗೆ ಹೋಗಬೇಕಾದವರು ಬಹುಬೇಗ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸುತ್ತಾರೆ, ಅಷ್ಟರಲ್ಲಿ ಉಳಿದ ಬೆರಳುಗಳೂ ಸೆಟೆದುಕೊಂಡಿರುತ್ತವೆ.