ಎತ್ತಿಗೆ ಜ್ವರ, ಬೆಲ್ಟಿಗೆ ಬರೆ

ವಯೋಮಿಂಗ್, ಮೊಂಟಾನಾ, ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಚಳಿಗಾಲ ಪೂರ್ತಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಸೊಂಟದುದ್ದದ ಹಿಮದಲ್ಲಿ ಒಂದು ಸ್ನೋಮೊಬೈಲ್ ನಿಂತಿದೆ. ಅದರ ಎಡಪಕ್ಕದ ಮುಚ್ಚಳ ತೆರೆದಿದೆ. ಸವಾರ ಮಂಡಿಯೂರಿ ಕೂತು ಕ್ಲಚ್ಚಿನ ಸಂದಿಯಿಂದ ಸುಟ್ಟ ರಬ್ಬರಿನ ಚೂರುಗಳನ್ನೂ ದಾರದಂಥ ನಾರನ್ನೂ ಕೀಳುತ್ತಿದ್ದಾನೆ. ಜೊತೆಯವರು ಕೇಳಿದರೆ ಉತ್ತರ ಒಂದೇ: ಬೆಲ್ಟ್ ಹೋಯಿತು. ಚೀಲದಿಂದ ಹೊಸ ಬೆಲ್ಟ್ ಹೊರಬರುತ್ತದೆ, ಹತ್ತು ನಿಮಿಷದಲ್ಲಿ ಬಂಡಿ ಹೊರಡುತ್ತದೆ. ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅಂಗಡಿಯವನೂ ಕೇಳುವುದಿಲ್ಲ, ಅವನಿಗೆ ಇನ್ನೊಂದು ಬೆಲ್ಟ್ ಮಾರಿದಂತಾಯಿತು. ತಯಾರಕರ ವಾರಂಟಿ ಕಾಗದದಲ್ಲಿ ಬೆಲ್ಟ್ ಸಾಮಾನ್ಯವಾಗಿ ‘ಸವೆಯುವ ಭಾಗ’ಗಳ ಸಾಲಿನಲ್ಲಿರುತ್ತದೆ, ಅಲ್ಲಿಗೆ ಅವರ ಕಡೆಯ ಮಾತೂ ಮುಗಿಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಟರ್ಬೊ ಹಾಕಿದ ಬೆಟ್ಟದ ಬಂಡಿಗಳಲ್ಲಿ ಬೆಲ್ಟ್ ಹರಿಯುವುದು ಬಹುಪಾಲು ಬೆಲ್ಟಿನ ದೋಷವಲ್ಲ. ಅದು ಕ್ಲಚ್ಚಿನ ಹೊಂದಾಣಿಕೆಯ ದೋಷ. ಅದಕ್ಕೂ ಹಿಂದೆ ಹೋದರೆ, ಎಂಜಿನ್ನಿನ ಕುದುರೆಶಕ್ತಿಯನ್ನು ಮಾರುವ ಉತ್ಸಾಹದಲ್ಲಿ ಆ ಶಕ್ತಿ ನೆಲಕ್ಕೆ ತಲುಪುವ ದಾರಿಯನ್ನು ಮರೆತ ವ್ಯಾಪಾರದ ದೋಷ.

ಈ ಯಂತ್ರ ಮುಂಬೈ, ಪುಣೆ, ಚೆನ್ನೈಯ ಓದುಗರಿಗೆ ಅಪರಿಚಿತವೇನಲ್ಲ. ಗೇರಿಲ್ಲದ ಸ್ಕೂಟರಿನ ಎಡಬದಿಯ ಕವರ್ ಬಿಚ್ಚಿದರೆ ಕಾಣುವುದು ಇದೇ ಏರ್ಪಾಡು: ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಪ್ರತಿ ಪುಲ್ಲಿಯಲ್ಲೂ ಎದುರುಬದುರಾಗಿ ನಿಂತ ಎರಡು ಇಳಿಜಾರು ತಟ್ಟೆಗಳು. ಎಂಜಿನ್ ಕಡೆಯ ಪುಲ್ಲಿಯಲ್ಲಿ ತೂಕದ ತುಂಡುಗಳಿವೆ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಅವು ಹೊರಕ್ಕೆ ಎಸೆದಂತಾಗಿ ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟ್ ಮೇಲೇರುತ್ತದೆ. ಎರಡನೆಯ ಪುಲ್ಲಿಯಲ್ಲಿ ತಟ್ಟೆಗಳನ್ನು ಒತ್ತಿ ಹಿಡಿದಿರುವುದು ಒಂದು ಸ್ಪ್ರಿಂಗ್ ಮತ್ತು ಹೆಲಿಕ್ಸ್ ಎಂಬ ಓರೆಯಾದ ಜಾರುದಾರಿ. ಟ್ರ್ಯಾಕಿನ ಮೇಲೆ ಭಾರ ಬಿದ್ದಾಗ ಈ ಹೆಲಿಕ್ಸ್ ಬೆಲ್ಟನ್ನು ಇನ್ನಷ್ಟು ಬಿಗಿಹಿಡಿಯುತ್ತದೆ. ಹಲ್ಲಿನ ಗೇರಿಲ್ಲ, ಸರಪಳಿಯಿಲ್ಲ. ಎಂಜಿನ್ನಿನ ಶಕ್ತಿಯೆಲ್ಲ ರಬ್ಬರು ಲೋಹವನ್ನು ಹಿಡಿದುಕೊಳ್ಳುವ ಆ ಹಿಡಿತದ ಮೂಲಕವೇ ದಾಟಬೇಕು.

ಸ್ಕೂಟರಿನಲ್ಲಿ ದಾಟುವುದು ಏಳೆಂಟು ಕುದುರೆಶಕ್ತಿ. ಸ್ಕಿಡೂ ಕಂಪನಿ 2020ರ ಮಾದರಿಯಾಗಿ ತಂದ ಸಮಿಟ್ 850 ಟರ್ಬೊದಲ್ಲಿ, ಅಂದರೆ ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದ ಮೊದಲ ಎರಡು-ಸ್ಟ್ರೋಕಿನ ಸ್ನೋಮೊಬೈಲಿನಲ್ಲಿ, ದಾಟಬೇಕಾದದ್ದು 165. 2022ರ ಮಾದರಿಗೆ ಪೋಲಾರಿಸ್ ತನ್ನ ಪೇಟ್ರಿಯಟ್ ಬೂಸ್ಟ್ ತಂದಿತು. 2023ಕ್ಕೆ ಸ್ಕಿಡೂದ ಟರ್ಬೊ ಆರ್ 180ಕ್ಕೆ ಏರಿತು. 165 ಕುದುರೆಶಕ್ತಿ ಎಂದರೆ ಸುಮಾರು 123 ಕಿಲೋವಾಟ್. ಅದರಲ್ಲಿ ನೂರಕ್ಕೆ ಹತ್ತು ಪಾಲು ಬೆಲ್ಟಿನ ತಿಕ್ಕಾಟದಲ್ಲಿ ಬಿಸಿಯಾಗಿ ಹೋಯಿತು ಎಂದಿಟ್ಟುಕೊಂಡರೆ 12 ಕಿಲೋವಾಟ್ ಆಯಿತು. ಬಚ್ಚಲುಮನೆಯ ಎರಡು ಕಿಲೋವಾಟಿನ ಗೀಸರ್‌ಗಳನ್ನು ಆರು ತಂದು, ಪ್ಲಾಸ್ಟಿಕ್ ಮುಚ್ಚಳದೊಳಗಿನ ಒಂದು ರಬ್ಬರ್ ಪಟ್ಟಿಯ ಸುತ್ತ ಒಟ್ಟಿಗೇ ಉರಿಸಿದಂತೆ.

ಟರ್ಬೊ ಯಾಕೆ ಬಂತು ಎಂಬುದೂ ಇಲ್ಲಿ ಮುಖ್ಯ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರರಲ್ಲಿ ಸುಮಾರು ಮೂರು ಪಾಲು ಬಲ ಕಳೆದುಕೊಳ್ಳುತ್ತದೆ. 8,000 ಅಡಿ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ 1,600 ಅಡಿಗೂ ಮೇಲೆ, ಅದೇ 165ರ ಎಂಜಿನ್ 125ರ ಆಸುಪಾಸಿಗೆ ಇಳಿದಿರುತ್ತದೆ. ಟರ್ಬೊ ತೆಳುಗಾಳಿಯನ್ನು ಒತ್ತಿ ತುಂಬಿ ಆ ನಷ್ಟವನ್ನು ತುಂಬಿಕೊಡುತ್ತದೆ. ಸ್ಕಿಡೂದ ಜಾಹೀರಾತು ಹೇಳಿದ್ದೂ ಅದನ್ನೇ: 8,000 ಅಡಿಯವರೆಗೂ 165.

ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಟರ್ಬೊ ಸಮುದ್ರಮಟ್ಟದ ಗಾಳಿ ಕೊಡುವುದು ಎಂಜಿನ್ನಿಗೆ ಮಾತ್ರ. ಕ್ಲಚ್ಚಿಗೆ ಸಿಗುವುದು ಬೆಟ್ಟದ ಗಾಳಿಯೇ. 8,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅಷ್ಟು ತೆಳುವಾದ ಗಾಳಿ ಹೊತ್ತೊಯ್ಯುವ ಬಿಸಿಯೂ ಅಷ್ಟೇ ಕಡಿಮೆ. ಹಳೆಯ ಬಂಡಿಯಲ್ಲಿ ಎತ್ತರವೇ ಬೆಲ್ಟನ್ನು ಕಾಯುತ್ತಿತ್ತು: ತಂಪು ಮಾಡುವ ಗಾಳಿ ಕಡಿಮೆಯಾದಾಗ ಬಿಸಿ ಮಾಡುವ ಎಂಜಿನ್ನೂ ಸೊರಗುತ್ತಿತ್ತು. ಟರ್ಬೊ ಆ ರಾಜಿಯನ್ನು ಮುರಿಯಿತು. ಜೊತೆಗೆ ಕೆಂಪಗೆ ಕಾಯುವ ಟರ್ಬೊ ಕೊಳವೆಯನ್ನು ಅದೇ ಮುಚ್ಚಳದೊಳಗೆ ತಂದಿಟ್ಟಿತು. ಹೊರಗೆ ಮೈನಸ್ 15 ಡಿಗ್ರಿ ಇದ್ದರೂ ಪುಡಿಹಿಮ ಗಾಳಿಕಿಂಡಿಗಳನ್ನು ಮುಚ್ಚಿದರೆ ಒಳಗಿನ ಬಿಸಿಗೆ ಹೊರದಾರಿಯಿಲ್ಲ.

ಬೆಟ್ಟದ ಸವಾರಿಯ ರೀತಿಯೂ ಬೆಲ್ಟಿಗೆ ಅನುಕೂಲವಲ್ಲ. ಆಳವಾದ ಹಿಮದಲ್ಲಿ ಥ್ರಾಟಲ್ ಪೂರ್ತಿ ಹಿಡಿದರೂ ಬಂಡಿ ನಿಧಾನ. ಅಂದರೆ ಎಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟ್ ಇನ್ನೂ ಕೆಳಗೆ, ಸಣ್ಣ ಸುತ್ತಿನಲ್ಲೇ ಇದೆ. ಸುತ್ತು ಸಣ್ಣದಾದಷ್ಟೂ ಅದೇ ತಿರುಚುಬಲಕ್ಕೆ ಬೆಲ್ಟ್ ಹೆಚ್ಚು ಎಳೆತ ತಡೆಯಬೇಕು. ಹೆದ್ದಾರಿಯಂಥ ಹಿಮದಾರಿಯಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಹಾಯಾಗಿರುವ ಬೆಲ್ಟು, ಏರಿನಲ್ಲಿ ಮೂವತ್ತು ಕಿಲೋಮೀಟರ್ ವೇಗದಲ್ಲಿ ಸುಟ್ಟುಹೋಗುವುದು ಇದಕ್ಕೇ. ಸರಪಳಿ ಪೆಟ್ಟಿಗೆಯ ಗೇರ್ ಅನುಪಾತವನ್ನು ತಗ್ಗಿಸಿದರೆ ಬೆಲ್ಟ್ ಮೇಲಿನ ಸುತ್ತಿಗೆ ಏರಿ ಕೆಲಸ ಮಾಡುತ್ತದೆ, ಬಿಸಿ ಇಳಿಯುತ್ತದೆ. ಅನುಭವಿ ಮೆಕ್ಯಾನಿಕ್‌ಗಳಿಗೆ ಇದು ಗೊತ್ತು. ಆದರೆ ಗರಿಷ್ಠ ವೇಗ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ, ಆ ವೇಗವನ್ನು ಬೆಟ್ಟದಲ್ಲಿ ಎಂದೂ ಮುಟ್ಟದವರೂ ಇದಕ್ಕೆ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅನಾಹುತ ಮಾಡುವುದು ಒಂದು ನಂಬಿಕೆ: ಮೀಟರಿನಲ್ಲಿ ಆರ್‌ಪಿಎಂ ಸರಿ ಇದ್ದರೆ ಕ್ಲಚ್ ಸರಿ ಇದೆ ಎಂಬುದು. ಟ್ಯೂನಿಂಗ್ ಅಂಗಡಿಯೊಂದರಿಂದ ಎಂಜಿನ್ನಿಗೆ ಹೊಸ ಪ್ರೋಗ್ರಾಂ ಹಾಕಿಸಿ, ಬೂಸ್ಟ್ ಏರಿಸಿ, ಮೂವತ್ತು ನಲವತ್ತು ಕುದುರೆಶಕ್ತಿ ಹೆಚ್ಚಿಸಿಕೊಂಡವನ ಬಂಡಿ ಮೊದಲ ದಿನ ಮಿತಿ ಮೀರಿ ತಿರುಗುತ್ತದೆ. ಆತ ಮೊದಲ ಪುಲ್ಲಿಗೆ ತೂಕ ಸೇರಿಸುತ್ತಾನೆ. ಆರ್‌ಪಿಎಂ 8,000ದ ಹತ್ತಿರ ಬಂದು ನಿಲ್ಲುತ್ತದೆ. ಕೆಲಸ ಮುಗಿಯಿತು ಎನ್ನುತ್ತಾನೆ. ಎರಡನೆಯ ಪುಲ್ಲಿಯ ಸ್ಪ್ರಿಂಗ್, ಹೆಲಿಕ್ಸ್ ಮಾತ್ರ ಹಳೆಯ ಬಲಕ್ಕೆ ಹೊಂದಿಸಿದ್ದು ಹಾಗೇ ಉಳಿದಿರುತ್ತವೆ. ಅಲ್ಲಿ ಹಿಡಿತ ಸಾಲದೆ ಬೆಲ್ಟ್ ಜಾರುತ್ತದೆ. ಜಾರುವುದನ್ನು ಆರ್‌ಪಿಎಂ ಮೀಟರ್ ತೋರಿಸುವುದಿಲ್ಲ. ತೋರಿಸುವುದು ಬಿಸಿ ಮಾತ್ರ. ಹಾಗೆಂದು ಸ್ಪ್ರಿಂಗನ್ನು ಸಿಕ್ಕಾಪಟ್ಟೆ ಬಿಗಿ ಮಾಡಿದರೂ ಬೆಲ್ಟ್ ಹಿಂಡಿಸಿಕೊಂಡು ಒಳಗೇ ಕಾಯುತ್ತದೆ. ಬೇಕಾದದ್ದು ಹದ. ಹದ ಆರ್‌ಪಿಎಂ ನೋಡಿದರೆ ಸಿಗುವುದಿಲ್ಲ, ಪುಲ್ಲಿಯನ್ನು ಮುಟ್ಟಿ ನೋಡಿದರೆ ಸಿಗುತ್ತದೆ. ಒಂದು ಏರು ಹತ್ತಿ ಎಂಜಿನ್ ಆರಿಸಿ, ಮುಚ್ಚಳ ತೆಗೆದು ಎರಡೂ ಪುಲ್ಲಿಗಳಿಗೆ ಕೈ ತಾಗಿಸುವ ಹಳೆಯ ಪದ್ಧತಿ ಈಗಲೂ ಸುಳ್ಳು ಹೇಳುವುದಿಲ್ಲ. ಯಾವುದು ಹೆಚ್ಚು ಸುಡುತ್ತದೋ ತೊಂದರೆಯನ್ನು ಮೊದಲು ಹುಡುಕಬೇಕಾದದ್ದು ಅಲ್ಲಿ.

ಸತ್ತ ಬೆಲ್ಟೂ ಮಾತಾಡುತ್ತದೆ, ಕೇಳುವವರು ಬೇಕು. ಒಂದೇ ಕಡೆ ಸುಟ್ಟು ಸೊಂಟ ಸಣ್ಣಗಾಗಿದ್ದರೆ, ಟ್ರ್ಯಾಕ್ ಹಿಮಕ್ಕೆ ಅಂಟಿ ನಿಂತಿದ್ದಾಗ ಎಂಜಿನ್ ಎಳೆದಿದೆ ಎಂದರ್ಥ. ಅಂಚಿನಿಂದ ನಾರು ಹೊರಬಂದಿದ್ದರೆ ಎರಡು ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಎಂಜಿನ್ ಕೂತಿರುವ ರಬ್ಬರ್ ಮೌಂಟುಗಳು ಸೋತು, ಥ್ರಾಟಲ್ ಕೊಟ್ಟಾಗಲೆಲ್ಲ ಎಂಜಿನ್ ಪಕ್ಕಕ್ಕೆ ವಾಲುತ್ತಿರಬಹುದು. ನಿಂತ ಬಂಡಿಯಲ್ಲಿ ಅಳತೆ ಸರಿಯಿದ್ದೂ ಓಡುವ ಬಂಡಿಯಲ್ಲಿ ತಪ್ಪುವುದು ಹೀಗೆ. ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಜಾರಿದೆ. ಒಳಗಿನ ಹಲ್ಲುಗಳು ಕಿತ್ತುಬಂದಿದ್ದರೆ ವಿಪರೀತ ಕಾದಿದೆ ಅಥವಾ ಒಮ್ಮೆಲೇ ಪೆಟ್ಟು ತಿಂದಿದೆ. ಬೆಲ್ಟು ಇಲ್ಲಿ ಆರೋಪಿಯಲ್ಲ, ಸಾಕ್ಷಿ. ಆ ಸಾಕ್ಷಿಯನ್ನು ಹಿಮದಲ್ಲೇ ಎಸೆದು ಬರುವವರಿಗೆ ಮುಂದಿನ ಬೆಲ್ಟೂ ಅದೇ ಜಾಗದಲ್ಲಿ ಹರಿದರೆ ಆಶ್ಚರ್ಯ ಯಾಕೆ?

ಇದಕ್ಕೆ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಮೊದಲನೆಯದು: ಬೆಲ್ಟ್ ಒಂದು ಫ್ಯೂಸ್ ಇದ್ದಂತೆ, ಅದು ಹರಿದು ದುಬಾರಿ ಎಂಜಿನ್ನನ್ನು ಉಳಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಮನೆಯ ಫ್ಯೂಸು ಇಷ್ಟು ಆಂಪಿಯರಿಗೆ ಹೋಗುತ್ತದೆ ಎಂದರೆ ಇವತ್ತೂ ಅಷ್ಟಕ್ಕೇ ಹೋಗುತ್ತದೆ, ಮುಂದಿನ ವರ್ಷವೂ ಅಷ್ಟಕ್ಕೇ ಹೋಗುತ್ತದೆ. ಬೆಲ್ಟಿಗೆ ಅಂಥ ಗೊತ್ತಾದ ಮಿತಿಯಿಲ್ಲ. ಹಿಂದಿನ ಹತ್ತು ಸವಾರಿಗಳಲ್ಲಿ ಅದು ಎಷ್ಟು ಕಾದಿದೆ ಎಂಬುದರ ಮೇಲೆ ಹನ್ನೊಂದನೆಯ ಸವಾರಿಯ ಗತಿ ನಿಂತಿದೆ. ಮತ್ತೆ ಹರಿದ ಬೆಲ್ಟ್ ತೆಪ್ಪಗೆ ಕೆಳಗೆ ಬೀಳುವುದಿಲ್ಲ. ನಿಮಿಷಕ್ಕೆ ಎಂಟು ಸಾವಿರ ಸಲ ತಿರುಗುವ ಪುಲ್ಲಿಯಿಂದ ಚಾಟಿಯಂತೆ ಬೀಸಿ ಮುಚ್ಚಳವನ್ನು ಒಡೆಯಬಲ್ಲದು, ಅದರ ನಾರು ಕ್ಲಚ್ಚಿನ ಹಿಂದೆ ಶಾಫ್ಟಿಗೆ ಸುತ್ತಿಕೊಳ್ಳಬಲ್ಲದು. ಇಷ್ಟು ಮಾಡುವುದನ್ನು ಫ್ಯೂಸ್ ಎಂದು ಕರೆಯುವುದು ಪದಕ್ಕೆ ಮಾಡುವ ಅಪಚಾರ.

ಎರಡನೆಯದು: ಚೀಲದಲ್ಲಿ ಇನ್ನೊಂದು ಬೆಲ್ಟ್ ಇಟ್ಟುಕೊಂಡರಾಯಿತು. ಇಟ್ಟುಕೊಳ್ಳಲೇಬೇಕು, ಸರಿ. ಆದರೆ ಮೊದಲನೆಯದನ್ನು ಸುಟ್ಟ ಪುಲ್ಲಿಗಳೇ, ಆ ಬಿಸಿ ಇನ್ನೂ ಆರುವ ಮೊದಲೇ, ಎರಡನೆಯದನ್ನೂ ಹಿಡಿದುಕೊಳ್ಳುತ್ತವೆ. ಹೊಸ ಬೆಲ್ಟಿಗೆ ಮೊದಲ ಐವತ್ತು ಕಿಲೋಮೀಟರ್ ಮೆತ್ತಗೆ ಓಡಿ ಹದವಾಗುವ ಅವಕಾಶ ಬೇಕು. ಬೆಟ್ಟದ ನಡುವೆ ಹಾಕಿದ ಬೆಲ್ಟಿಗೆ ಅದನ್ನು ಕೊಡುವವರು ಯಾರು?

ನೂರೈವತ್ತು ಡಾಲರ್ ದಾಟುವ ರಬ್ಬರಿನ ಲೆಕ್ಕವಷ್ಟೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಬಂಡಿ ಎಲ್ಲಿ ನಿಲ್ಲುತ್ತದೆ ಎಂಬುದು ದೊಡ್ಡ ಪ್ರಶ್ನೆ. ಬೆಲ್ಟಿನ ಮೇಲೆ ಅತಿ ಹೆಚ್ಚು ಭಾರ ಬೀಳುವುದು ಕಡಿದಾದ ಏರಿನಲ್ಲಿ, ಹಾಗಾಗಿ ಅದು ಕೈಕೊಡುವುದೂ ಅಲ್ಲೇ. ಹಿಮ ಕುಸಿಯುವುದೂ ಅಂಥ ಕಡೆಯೇ. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಬೆಟ್ಟದಲ್ಲಿ ಸ್ನೋಮೊಬೈಲ್ ಸವಾರರು ಸೇರಿದ್ದ ಜಾಗದ ಮೇಲೆ ಹಿಮ ಕುಸಿದು ಇಬ್ಬರು ಸತ್ತರು, ಮೂವತ್ತರಷ್ಟು ಮಂದಿ ಗಾಯಗೊಂಡರು. ಆ ದುರಂತಕ್ಕೂ ಬೆಲ್ಟಿಗೂ ಸಂಬಂಧವಿಲ್ಲ. ಆದರೆ ಇಳಿಜಾರಿನ ಮೇಲೆ ಒಂದು ಹೊತ್ತಿಗೆ ಒಬ್ಬನೇ ಇರಬೇಕು, ಕೆಳಗೆ ಗುಂಪುಗಟ್ಟಿ ನಿಲ್ಲಬಾರದು ಎಂದು ಹಿಮಕುಸಿತದ ತರಬೇತಿಯಲ್ಲಿ ಬಾಯಿಪಾಠ ಮಾಡಿಸುವುದು ಇಂಥ ದಿನಗಳಿಗಾಗಿಯೇ. ಏರಿನ ನಡುವೆ ಬೆಲ್ಟ್ ಹರಿದವನು ಆ ನಿಯಮವನ್ನು ಪಾಲಿಸಲಾರ. ಅವನು ಅಲ್ಲೇ ಮಂಡಿಯೂರಿ ಹತ್ತು ನಿಮಿಷ ಕೂರಬೇಕು. ಜೊತೆಯವನು ಸಹಾಯಕ್ಕೆ ಏರಿದರೆ ಇಳಿಜಾರಿನ ಮೇಲೆ ಇಬ್ಬರಾದರು.

ಹಾಗಾಗಿ ‘ಸವೆಯುವ ಭಾಗ’ ಎಂಬ ಎರಡು ಪದಗಳ ಹಿಂದೆ ಅಡಗಲು ಯಾರಿಗೂ ಬಿಡಬಾರದು. ಎಂಜಿನ್ನಿನ ಬಲ ಹೆಚ್ಚಿಸಿ ಕೊಡುವ ಟ್ಯೂನಿಂಗ್ ಅಂಗಡಿ ಅದೇ ಪೊಟ್ಟಣದಲ್ಲಿ ತೂಕ, ಸ್ಪ್ರಿಂಗ್, ಹೆಲಿಕ್ಸ್‌ಗಳ ಹೊಂದಾಣಿಕೆಯನ್ನೂ ಕೊಡಲಿ, ಕೊಡಲಾಗದಿದ್ದರೆ ಬಲವನ್ನೂ ಮಾರದಿರಲಿ. ಬೆಲ್ಟಿನ ಬಿಸಿ ತೋರಿಸುವ ಮೀಟರನ್ನು ಟರ್ಬೊ ಬಂಡಿಯಲ್ಲಿ ಶೋಕಿಯ ವಸ್ತುವೆಂದು ಕಾಣುವುದು ನಿಲ್ಲಲಿ. ನೂರು ಡಿಗ್ರಿ ಸೆಲ್ಸಿಯಸ್ ದಾಟುತ್ತಿದೆ ಎಂದು ಕಂಡರೆ ಸವಾರ ಥ್ರಾಟಲ್ ಬಿಡುತ್ತಾನೆ, ಕಾಣದಿದ್ದರೆ ಹೇಗೆ ಬಿಟ್ಟಾನು? ಬಂಡಿ ಮಾರುವವರು ಮೊದಲ ಕೆಲವು ಸವಾರಿಗಳ ನಂತರ ಪುಲ್ಲಿಗಳ ನೇರ, ನಡುವಿನ ಅಂತರ, ಮೌಂಟುಗಳ ಸ್ಥಿತಿಯನ್ನು ಅಳೆದು ಬರೆದುಕೊಡಲಿ. ಇನ್ನು ಸವಾರರು ಹರಿದ ಬೆಲ್ಟನ್ನು ಮನೆಗೆ ತಂದು, ದೀಪದ ಕೆಳಗಿಟ್ಟು ಐದು ನಿಮಿಷ ನೋಡಲಿ.

ಪುಣೆಯ ಸ್ಕೂಟರ್ ಮೆಕ್ಯಾನಿಕ್ ‘ಬೆಲ್ಟ್ ಹೋಗಿದೆ ಸಾರ್, ಬದಲಾಯಿಸಿಬಿಡೋಣ’ ಎಂದಾಗ ‘ರೋಲರ್‌ಗಳೂ ಸವೆದಿವೆಯಾ ನೋಡಪ್ಪ’ ಎಂದು ಕೇಳುವ ಗಿರಾಕಿಗಳಿದ್ದಾರೆ. ಸ್ಕೂಟರ್ ನಿಂತರೆ ಅವರಿಗೆ ಆಟೋ ಸಿಗುತ್ತದೆ, ಆದರೂ ಕೇಳುತ್ತಾರೆ. ಬೆಟ್ಟದ ಮೇಲೆ ಆಟೋ ಸಿಗದವರು ಆ ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳಬೇಕಿತ್ತು.