ಕಾಲುವೆಯ ಕೊನೆಯ ಹೊಲ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ರಾಯಚೂರು ಸೀಮೆ. ಎರಡು ಮಹಾನದಿಗಳ ಮಡಿಲಲ್ಲಿ ಬಾಳುವವರಿಗೆ ನೀರಿನ ಬರವೇ ಎಂದು ದೂರದವರು ಅಚ್ಚರಿಪಡುವುದುಂಟು. ಆದರೆ ಹೊಳೆ ಹರಿಯುವುದು ತಗ್ಗಿನಲ್ಲಿ. ಹೊಲವಿರುವುದು ದಿಬ್ಬದ ಮೇಲೆ. ಮಾನ್ವಿಯ ರೈತನಾಗಲಿ ದೇವದುರ್ಗದ ರೈತನಾಗಲಿ ತುಂಬಿ ಹರಿಯುವ ಹೊಳೆಯನ್ನು ಕಣ್ಣಾರೆ ಕಂಡು, ಮರಳಿ ಬಂದು ಮುಗಿಲನ್ನೇ ನೋಡುತ್ತ ಕುಳಿತುಕೊಳ್ಳಬೇಕಾಗಿತ್ತು.

ಈ ಸೀಮೆಗಾಗಿ ಅರಸರು ಶತಮಾನಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿಯ ನೀರಿಗಾಗಿ ಇನ್ನೊಂದು ಹೋರಾಟ ನಡೆಯಿತು. ಅದರಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ. ನಕ್ಷೆ ಮತ್ತು ಲೆಕ್ಕದ ಪುಸ್ತಕಗಳೇ ಆಯುಧಗಳು. ಆ ಹೋರಾಟದಲ್ಲಿ ಹೈದರಾಬಾದ್ ಸಂಸ್ಥಾನದ ಪರವಾಗಿ ದುಡಿದವರಲ್ಲಿ ಮುಖ್ಯರು ನವಾಬ್ ಅಲಿ ನವಾಜ್ ಜಂಗ್.

ಅವರ ಹುಟ್ಟುಹೆಸರು ಮೀರ್ ಅಹ್ಮದ್ ಅಲಿ. 1877ರ ಜುಲೈ 11ರಂದು ಹೈದರಾಬಾದಿನಲ್ಲಿ ಜನಿಸಿದರು. ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಕಲಿತು ಬಂದು ಸಂಸ್ಥಾನದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಮುಂದೆ ಅದರ ಮುಖ್ಯ ಇಂಜಿನಿಯರ್ ಆದರು. 1908ರ ಮೂಸಿ ನದಿಯ ಪ್ರಳಯದ ಬಳಿಕ ಸರ್ ಎಂ. ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದು ಪ್ರವಾಹ ನಿಯಂತ್ರಣದ ಯೋಜನೆಯನ್ನು ರೂಪಿಸಿದ್ದು ಕನ್ನಡಿಗರಿಗೆ ತಿಳಿದ ಸಂಗತಿಯೇ. ಅದೇ ಸಂಸ್ಥಾನದಲ್ಲಿ ಅಲಿ ನವಾಜ್ ಜಂಗರು ಮಂಜೀರಾ ನದಿಗೆ ನಿಜಾಮಸಾಗರವನ್ನು ಕಟ್ಟಿಸಿದರು. 1923ರಲ್ಲಿ ಆರಂಭವಾದ ಆ ಕೆಲಸ 1931ರಲ್ಲಿ ಮುಗಿದು, ಸುಮಾರು 2.75 ಲಕ್ಷ ಎಕರೆ ಭೂಮಿಗೆ ನೀರುಣಿಸುವ ಆಸೆಯನ್ನು ಮೂಡಿಸಿತು. ದೂರದ ಸಿಂಧ್ ಪ್ರಾಂತದ ಸಕ್ಕರ್ ಅಣೆಕಟ್ಟಿನ ಪರಿಶೀಲನೆಗೆ 1929ರಲ್ಲಿ ಮುಂಬಯಿ ಸರಕಾರವು ಆರಿಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನೂ ಇವರನ್ನೂ.

ವಯಸ್ಸು ಅರವತ್ತು ದಾಟಿದ ಮೇಲೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ 1938ರಲ್ಲಿ ರಾಷ್ಟ್ರೀಯ ಯೋಜನಾ ಸಮಿತಿ ಏರ್ಪಟ್ಟಿತು. ಆ ಸಮಿತಿಗೆ ಸರಕಾರದ ಅಧಿಕಾರವಿರಲಿಲ್ಲ. ಇನ್ನೂ ಬಾರದ ಸ್ವಾತಂತ್ರ್ಯಕ್ಕಾಗಿ ಮುಂಗಡವಾಗಿ ಯೋಚಿಸುವ ಕೆಲಸ ಅದರದು. ಅದರ ನದಿ ಮತ್ತು ನೀರಾವರಿ ಉಪಸಮಿತಿಯ ಅಧ್ಯಕ್ಷತೆಯನ್ನು ಅಲಿ ನವಾಜ್ ಜಂಗರು ವಹಿಸಿಕೊಂಡರು. ಸಂಸ್ಥಾನದ ನೌಕರರಾಗಿದ್ದವರು ದೇಶದ ಸೇವಕರಾದರು.

ತುಂಗಭದ್ರೆಯ ನೀರಿನ ಮಾತುಕತೆ ಮದ್ರಾಸ್ ಮತ್ತು ಹೈದರಾಬಾದ್‌ಗಳ ನಡುವೆ ಬಹುಕಾಲ ಎಳೆದಾಡಿತ್ತು. 1944ರ ಜೂನ್ ತಿಂಗಳಲ್ಲಿ ಒಪ್ಪಂದವಾಗಿ, ತಲಾ 65 ಟಿ.ಎಂ.ಸಿ. ನೀರನ್ನು ಬಳಸಿಕೊಳ್ಳಲು ಎರಡೂ ಕಡೆಯವರು ಸಮ್ಮತಿಸಿದರು. ರಾಯಚೂರಿನ ಪಾಲು ಕಾಗದದ ಮೇಲೆ ಸ್ಥಿರವಾದದ್ದು ಅಂದು. 1945ರ ಫೆಬ್ರವರಿ 28ರಂದು ಹೊಳೆಯ ಎರಡು ದಡಗಳಲ್ಲಿಯೂ ಶಂಕುಸ್ಥಾಪನೆ ನಡೆಯಿತು. 1953ರಲ್ಲಿ ಕಾಲುವೆಗೆ ಮೊದಲ ನೀರು ಹರಿಯಿತು. ಅದನ್ನು ನೋಡಲು ಅಲಿ ನವಾಜ್ ಜಂಗರು ಇರಲಿಲ್ಲ. 1949ರಲ್ಲಿಯೇ ಅವರು ತೀರಿಕೊಂಡಿದ್ದರು.

ಎಡದಂಡೆಯ ಕಾಲುವೆಯ ಉದ್ದ 227 ಕಿಲೋಮೀಟರು. ಗಂಗಾವತಿ, ಸಿಂಧನೂರುಗಳನ್ನು ಹಾದು ಅದು ಮಾನ್ವಿಗೆ ಬರುತ್ತದೆ. ಅಲ್ಲಿಂದ ರಾಯಚೂರಿನತ್ತ ಸಾಗುತ್ತದೆ. ಯೋಜನೆಯ ತಿರುಳು ಒಂದೇ: ಸ್ವಲ್ಪ ನೀರು, ಬಹಳ ಜನ. ಬತ್ತಕ್ಕೆ ಕೆಲವೇ ಭಾಗವನ್ನು ಬಿಟ್ಟು, ಉಳಿದೆಡೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಹದವಾಗಿ ನೀರು ಕೊಟ್ಟರೆ ಬರಗಾಲದ ಅಂಜಿಕೆ ಸಾವಿರಾರು ಮನೆಗಳಿಂದ ದೂರವಾಗುತ್ತದೆ ಎಂಬುದು ಆ ಲೆಕ್ಕ.

ಲೆಕ್ಕ ತಪ್ಪಾಗಿರಲಿಲ್ಲ, ಮನುಷ್ಯನ ಆಸೆ ಲೆಕ್ಕಕ್ಕೆ ಬಂದಿರಲಿಲ್ಲ. ಕಾಲುವೆಯ ತಲೆಯ ಭಾಗದಲ್ಲಿ ನೀರು ಮೊದಲು ಸಿಕ್ಕವರು ಬತ್ತವನ್ನೇ ನೆಟ್ಟರು. ಒಂದು ಎಕರೆ ಬತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆಯಬಹುದು. ಮೇಲಿನವರ ಗದ್ದೆಯಲ್ಲಿ ನೀರು ನಿಂತಷ್ಟೂ ಮಾನ್ವಿ, ರಾಯಚೂರುಗಳ ಕೊನೆಯ ಹೊಲಗಳಲ್ಲಿ ಕಾಲುವೆ ಬರಿದಾಯಿತು. ಇದರ ಮೇಲೆ ಹೂಳು ಬೇರೆ. ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದ ಜಲಾಶಯಕ್ಕೆ ಈಗ ಹಿಡಿಯುವುದು ಸುಮಾರು 105 ಮಾತ್ರ. ಕೊಡ ಕುಗ್ಗಿದಾಗ ಮೊದಲು ಬಾಯಾರುವವನು ಸಾಲಿನ ಕೊನೆಯವನು.

ದೇವದುರ್ಗದ ಕಥೆ ಇನ್ನೂ ನಿಧಾನದ್ದು. ಆ ತಾಲೂಕು ನೆಚ್ಚಿಕೊಳ್ಳಬೇಕಾದದ್ದು ಕೃಷ್ಣೆಯನ್ನು. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ನಾರಾಯಣಪುರದ ಅಣೆಕಟ್ಟು ಪೂರ್ಣವಾದದ್ದು 1982ರಲ್ಲಿ. ಅದರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳನ್ನು ಮುಟ್ಟಿದ್ದು ಅದಕ್ಕೂ ಬಹಳ ತಡವಾಗಿ. ಅಷ್ಟರಲ್ಲಿ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ದೂರದ ಪಟ್ಟಣಗಳಿಗೆ ಕೂಲಿಗಾಗಿ ಹೊರಟುಹೋಗಿದ್ದವು.

ಪಟ್ಟಣದ ಓದುಗರಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ ಬೆಂಗಳೂರಿನ ಅನೇಕ ಮನೆಗಳ ತಟ್ಟೆಯಲ್ಲಿ ಅರಳುವ ಸೋನಾ ಮಸೂರಿ ಅನ್ನವು ಇದೇ ಕಾಲುವೆಯ ನೀರು ಕುಡಿದು ಬಂದದ್ದು. ಆ ಅನ್ನ ಬೇಯುವಾಗ ಕಾಲುವೆಯ ಕೊನೆಯಲ್ಲಿ ಒಣಗಿದ ಒಂದು ಹತ್ತಿಯ ಹೊಲವೂ ನೆನಪಾಗುವುದು ನ್ಯಾಯ.

ತೆಲಂಗಾಣದಲ್ಲಿ ಜುಲೈ 11 ಬಂತೆಂದರೆ ಅಲಿ ನವಾಜ್ ಜಂಗರ ಸ್ಮರಣೆ ನಡೆಯುತ್ತದೆ. ರಾಯಚೂರಿಗೂ ಆ ಋಣ ಇದ್ದೇ ಇದೆ. ಅದನ್ನು ತೀರಿಸಲು ಶಿಲಾಪ್ರತಿಮೆಯೇ ಬೇಕೆಂದಿಲ್ಲ. ಕಾಲುವೆಯನ್ನು ಅಗೆಯುವುದು ಇಂಜಿನಿಯರನ ಕೆಲಸ. ಅದನ್ನು ಕೊನೆಯ ಹೊಲದವರೆಗೆ ಹರಿಸುವುದು ಊರವರ ಕೆಲಸ. ಮೇಲಿನ ರೈತನು ತನ್ನ ಸರದಿ ಮುಗಿದೊಡನೆ ತಾನೇ ಹೋಗಿ ತೂಬನ್ನು ಮುಚ್ಚಿ ಬಂದರೆ, 1944ರ ಆ ಒಪ್ಪಂದವು ಆ ದಿನ ಮಾನ್ವಿಯ ಕೊನೆಯ ಹೊಲದಲ್ಲಿ ನೀರಾಗಿ ಹರಿಯುತ್ತದೆ.